ಹಳೆಯ ಪಿಕಪ್ಪಿಗೆ ಡಿಸ್ಕ್ ಬ್ರೇಕ್: ಬಳ್ಳಾರಿಯ ಗ್ಯಾರೇಜೊಂದರಲ್ಲಿ ಮಾಡಿಸಿದ ಕೆಲಸದ ವಿಮರ್ಶೆ

ಜೀಪಿನ ಮೂತಿಯ, ಹಿಂದೆ ಮುಂದೆ ಎರಡೂ ಕಡೆ ಕಮಾನು ಪಟ್ಟಿ ಇರುವ, ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್ ಇದ್ದ ನಮ್ಮ ಹಳೆಯ ಮಹೀಂದ್ರಾ ಡೀಸೆಲ್ ಪಿಕಪ್ಪಿನ ಮುಂದಿನ ಚಕ್ರಗಳಿಗೆ ಬಳ್ಳಾರಿಯ ಹೊಸಪೇಟೆ ರಸ್ತೆಯ ಗ್ಯಾರೇಜೊಂದರಲ್ಲಿ ಡಿಸ್ಕ್ ಬ್ರೇಕ್ ಹಾಕಿಸಿದೆವು. ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಗಾಡಿಯನ್ನು ಓಡಿಸಿ ನೋಡಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಪೆಡಲಿನಿಂದ, ಚಕ್ರದೊಡನೆ ತಿರುಗುವ ಡಿಸ್ಕನ್ನು ಎರಡು ಪ್ಯಾಡುಗಳ ನಡುವೆ ಹಿಡಿದೊತ್ತುವ ಕ್ಯಾಲಿಪರಿನವರೆಗೆ ಒತ್ತಡ ಸಾಗುವ ದಾರಿಯನ್ನು ಆ ಮೇಸ್ತ್ರಿ ಹೊಸದಾಗಿ ಕಟ್ಟಿಕೊಟ್ಟ ರೀತಿ ನನಗೆ ಪೂರ್ತಿ ಒಪ್ಪಿಗೆಯಾಗಿದೆ. ಗಾಡಿಯನ್ನು ಕೈಗೆ ಕೊಡುವ ಹೊತ್ತಿನಲ್ಲಿ ತೋರಿದ ಅವಸರ ಒಪ್ಪಿಗೆಯಾಗಿಲ್ಲ. ಎರಡನ್ನೂ ವಿವರವಾಗಿ ಹೇಳುವ ಅಗತ್ಯವಿದೆ, ಏಕೆಂದರೆ ನಮ್ಮ ಕಡೆ ಇಂಥ ಗಾಡಿಗಳನ್ನು ಇಟ್ಟುಕೊಂಡವರು ಇನ್ನೂ ಬಹಳ ಮಂದಿ ಇದ್ದಾರೆ ಮತ್ತು ಅವರಲ್ಲಿ ಹೆಚ್ಚಿನವರು ಈ ಕೆಲಸವೆಂದರೆ ಡ್ರಮ್ ಬಿಚ್ಚಿ ಅದರ ಜಾಗದಲ್ಲಿ ಡಿಸ್ಕ್ ಕೂರಿಸುವುದು ಎಂದಷ್ಟೇ ತಿಳಿದಿದ್ದಾರೆ.

ಈ ಗಾಡಿಗೆ ಎರಡು ಬಗೆಯ ದುಡಿಮೆಯಿದೆ. ಸುಗ್ಗಿಯಲ್ಲಿ ಸಿರುಗುಪ್ಪದ ಕಡೆಯಿಂದ ಭತ್ತ, ಮೆಣಸಿನಕಾಯಿ ಹೇರಿಕೊಂಡು ಬಳ್ಳಾರಿಗೆ ಬರುತ್ತದೆ. ಉಳಿದ ದಿನಗಳಲ್ಲಿ ತೋರಣಗಲ್ಲಿನ ಮೇಲೆ ಸಂಡೂರಿಗೂ ಅದರಾಚೆಯ ಊರುಗಳಿಗೂ ಸಿಮೆಂಟು, ಪೈಪು, ಗೊಬ್ಬರ ಮುಟ್ಟಿಸುತ್ತದೆ. ಸಿರುಗುಪ್ಪದ ರಸ್ತೆ ಸಮತಟ್ಟು. ಅಲ್ಲಿ ಸರಿಯಾಗಿ ಹೊಂದಿಸಿದ ನಾಲ್ಕು ಡ್ರಮ್ ಬ್ರೇಕುಗಳು ಸಾಕು, ಅದಕ್ಕಾಗಿ ಯಾರೂ ದುಡ್ಡು ಸುರಿಯಬೇಕಿಲ್ಲ. ಸಂಡೂರಿನ ಗುಡ್ಡಗಳ ಮಾತು ಬೇರೆ. ಹೇರು ತುಂಬಿದ ಗಾಡಿ ಇಳಿಜಾರಿನಲ್ಲಿ ಇಳಿಯುವಾಗ ಮುಂದೆ ಅದಿರಿನ ಲಾರಿಗಳ ಸಾಲು ಇದ್ದರೆ ಕಾಲು ಬ್ರೇಕಿನ ಮೇಲಿಂದ ಏಳುವುದೇ ಇಲ್ಲ, ಬೇಸಿಗೆಯಲ್ಲಿ ಹೊರಗಿನ ಬಿಸಿಯೇ 40 ಡಿಗ್ರಿ ದಾಟಿರುತ್ತದೆ, ಮತ್ತು ಇಳಿಜಾರಿನ ತಳಕ್ಕೆ ಬರುವಷ್ಟರಲ್ಲಿ ಪೆಡಲ್ ಮೊದಲಿಗಿಂತ ಎಷ್ಟೋ ಕೆಳಗೆ ಹೋಗಿರುತ್ತದೆ.

ಹೀಗಾಗುವುದು ಲೈನರ್ (ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಶೂಗಳ ಮೇಲಿನ ಉಜ್ಜುವ ಪದರ) ಸವೆದದ್ದರಿಂದ ಎಂದು ಬಹಳ ಜನ ತಿಳಿಯುತ್ತಾರೆ. ಹೊಸ ಲೈನರ್ ಹಾಕಿದ ಡ್ರಮ್ಮಿನಲ್ಲಿಯೂ ಹೀಗಾಗುತ್ತದೆ. ಡ್ರಮ್ ಬಿಸಿಯಾದಾಗ ಅದರ ವ್ಯಾಸ ಹಿಗ್ಗಿ, ಶೂಗಳು ಇರುವ ಜಾಗದಿಂದ ಅದು ದೂರ ಸರಿಯುತ್ತದೆ, ಶೂ ಅದನ್ನು ಮುಟ್ಟಲು ಪೆಡಲ್ ಇನ್ನಷ್ಟು ಒಳಗೆ ಹೋಗಬೇಕಾಗುತ್ತದೆ. ಜೊತೆಗೆ ಲೈನರಿನ ಹಿಡಿತವೂ ಅತಿ ಬಿಸಿಯಲ್ಲಿ ಇಳಿಯುತ್ತದೆ, ಮುಚ್ಚಿದ ಡ್ರಮ್ಮಿನೊಳಗಿನ ಬಿಸಿ ಹೊರಹೋಗಲು ದಾರಿಯಿರುವುದಿಲ್ಲ. ಡಿಸ್ಕ್ ಹಾಗಲ್ಲ, ಅದು ತೆರೆದ ಗಾಳಿಯಲ್ಲಿ ತಿರುಗುತ್ತದೆ ಮತ್ತು ಬಿಸಿಯಾದಾಗ ದಪ್ಪವಾಗಿ ಪ್ಯಾಡುಗಳ ಕಡೆಗೇ ಹಿಗ್ಗುತ್ತದೆ. ಮಳೆಗಾಲದ ಲಾಭ ಬೇರೆಯೇ ಇದೆ. ಸಿರುಗುಪ್ಪದ ಎರೆ ನೆಲದ ಬಂಡಿದಾರಿಯಲ್ಲಿ ಹಳ್ಳ ದಾಟಿದರೆ ಡ್ರಮ್ಮಿನೊಳಗೆ ನೀರು, ಕೆಸರು ಎರಡೂ ಸೇರುತ್ತವೆ, ಅದು ಆರುವವರೆಗೆ ಬ್ರೇಕ್ ಹಿಡಿಯುವುದಿಲ್ಲ, ಹಿಡಿದರೂ ಒಂದೇ ಕಡೆಗೆ ಎಳೆಯುತ್ತದೆ. ಡಿಸ್ಕಿನ ಮೇಲಿನ ನೀರನ್ನು ಪ್ಯಾಡುಗಳೇ ಒರೆಸಿ ತೆಗೆಯುತ್ತವೆ.

ಹಾಗೆಂದು ಡ್ರಮ್ಮನ್ನು ಹಗುರವಾಗಿ ಕಾಣುವಂತಿಲ್ಲ. ಅದಕ್ಕೆ ಡಿಸ್ಕಿಗಿಲ್ಲದ ಒಂದು ಗುಣವಿದೆ, ಈ ಕೆಲಸದ ಖರ್ಚೆಲ್ಲ ಬೆಳೆಯುವುದು ಆ ಗುಣದಿಂದಲೇ. ಇಳಿಜಾರಿನಲ್ಲಿ ಬಂಡಿಯ ಗಾಲಿಗೆ ಕೊಟ್ಟ ಅಡ್ಡಗಲ್ಲು ಗಾಲಿಯ ಒತ್ತಿಗೆ ತಾನೇ ಇನ್ನಷ್ಟು ಬಿಗಿಯಾಗುವಂತೆ, ಡ್ರಮ್ ತಿರುಗುವ ದಿಕ್ಕಿಗೆ ಎದುರಾಗಿ ಕೂತ ಶೂ ಡ್ರಮ್ಮಿನ ಎಳೆತಕ್ಕೆ ತಾನೇ ಒಳಗೆ ಕಚ್ಚಿಕೊಳ್ಳುತ್ತದೆ, ಆದ್ದರಿಂದ ಡ್ರೈವರಿನ ಕಾಲಿಗೆ ಅರ್ಧ ಕೆಲಸ ಕಡಿಮೆ. ಡಿಸ್ಕಿನ ಪ್ಯಾಡು ಹಾಗೆ ಕಚ್ಚಿಕೊಳ್ಳುವುದಿಲ್ಲ, ಎಷ್ಟು ಒತ್ತಿದರೆ ಅಷ್ಟೇ ಹಿಡಿಯುತ್ತದೆ. ಕಾಲಿನ ಒತ್ತನ್ನು ನಿರ್ವಾತದ ಬಲದಿಂದ ಹೆಚ್ಚಿಸುವ ಬೂಸ್ಟರ್ ಇಲ್ಲದ ಹಳೆಯ ಗಾಡಿಗೆ ಬರೀ ಡಿಸ್ಕು, ಕ್ಯಾಲಿಪರ್ ಕೂರಿಸಿದರೆ ಪೆಡಲ್ ಕಲ್ಲಿನಷ್ಟು ಗಟ್ಟಿಯಾಗಿ, ಗಾಡಿ ಮೊದಲಿಗಿಂತ ದೂರಕ್ಕೆ ಹೋಗಿ ನಿಲ್ಲುತ್ತದೆ. ಹಾಗೆ ಮಾಡಿಸಿಕೊಂಡು, ಡಿಸ್ಕ್ ಹಾಕಿಸಿದ್ದೇ ತಪ್ಪಾಯಿತು ಎಂದು ಮತ್ತೆ ಡ್ರಮ್ಮಿಗೆ ಹೋದವರನ್ನು ನಾನು ಕಂಡಿದ್ದೇನೆ.

ಈ ಗ್ಯಾರೇಜಿನ ಮೇಸ್ತ್ರಿಯ ಮೇಲೆ ನನಗೆ ನಂಬಿಕೆ ಬಂದದ್ದು ಇಲ್ಲಿಯೇ. ಬರೀ ಮುಂದಿನ ಡಿಸ್ಕ್ ಸೆಟ್ ಹಾಕಿಕೊಡಲು ಎಷ್ಟಾಗುತ್ತದೆ ಎಂದು ಕೇಳಿದ್ದಕ್ಕೆ ಅವರು ದರ ಹೇಳಲಿಲ್ಲ. ಗಾಡಿಯ ಕೆಳಗೆ ಹೋಗಿ, ಹಲಗೆಯಡಿ ಚಾಸಿಗೆ ಅಂಟಿಕೊಂಡಿದ್ದ ಮಾಸ್ಟರ್ ಸಿಲಿಂಡರನ್ನು (ಪೆಡಲಿನ ಒತ್ತನ್ನು ಬ್ರೇಕ್ ಆಯಿಲಿನ ಒತ್ತಡವಾಗಿಸುವ ಭಾಗ) ನೋಡಿ, ಬಾನೆಟ್ ಎತ್ತಿಸಿ ಡೈನಮೋದ ಬೆನ್ನನ್ನು ನೋಡಿ, ಆಮೇಲೆ ಮಾತಾಡಿದರು. ಮಾಸ್ಟರ್ ಸಿಲಿಂಡರ್, ಬೂಸ್ಟರ್, ವ್ಯಾಕ್ಯೂಮ್ ಪಂಪ್ ಇರುವ ಡೈನಮೋ, ಹಿಂದಿನ ಚಕ್ರದ ಸಿಲಿಂಡರುಗಳು, ಪೈಪುಗಳು, ಎಲ್ಲವನ್ನೂ ಬದಲಿಸುವುದಾದರೆ ಮಾತ್ರ ಗಾಡಿಗೆ ಕೈಹಾಕುತ್ತೇನೆ, ಇಲ್ಲದಿದ್ದರೆ ಇರುವ ಡ್ರಮ್ಮುಗಳನ್ನೇ ಲೇತಿಗೆ ಹಾಕಿಸಿ ಹೊಸ ಲೈನರ್ ಕೂರಿಸಿಕೊಡುತ್ತೇನೆ, ಅದೇ ನಿಮಗೆ ಕ್ಷೇಮ ಎಂದರು. ಹೆಚ್ಚು ದುಡ್ಡಿನ ಕೆಲಸ ಹಿಡಿಯಲು ಹೇಳುವ ಮಾತು ಇದಲ್ಲ ಎಂಬುದು ಅವರು ಪ್ರತಿಯೊಂದಕ್ಕೂ ಕೊಟ್ಟ ಕಾರಣದಿಂದ ತಿಳಿಯಿತು.

ಮೊದಲ ಕಾರಣ ಮಾಸ್ಟರ್ ಸಿಲಿಂಡರಿನದು. ನಮ್ಮ ಗಾಡಿಯಲ್ಲಿ ಇದ್ದದ್ದು ಒಂದೇ ಕೋಣೆಯ ಸಿಲಿಂಡರ್, ನಾಲ್ಕು ಚಕ್ರಗಳಿಗೂ ಅದೇ ಆಯಿಲ್ ಹೋಗುತ್ತಿತ್ತು. ಎಲ್ಲಿಯಾದರೂ ಆಯಿಲ್ ಸೋರದಂತೆ ತಡೆಯುವ ಒಂದು ರಬ್ಬರ್ ಕಪ್ ಹರಿದರೆ, ಒಂದು ಪೈಪು ಬಿರುಕು ಬಿಟ್ಟರೆ ನಾಲ್ಕೂ ಬ್ರೇಕು ಒಟ್ಟಿಗೇ ಹೋಗುತ್ತವೆ. ಎರಡು ಕೋಣೆಯ ಟ್ಯಾಂಡಮ್ ಸಿಲಿಂಡರಿನಲ್ಲಿ ಮುಂದಿನ ಚಕ್ರಗಳದ್ದೇ ಒಂದು ಸಾಲು, ಹಿಂದಿನ ಚಕ್ರಗಳದ್ದೇ ಇನ್ನೊಂದು ಸಾಲು. ಒಂದು ಹೋದರೂ ಇನ್ನೊಂದು ಗಾಡಿಯನ್ನು ನಿಲ್ಲಿಸುತ್ತದೆ. ಅಮೆರಿಕದ ಕಾರುಗಳಿಗೆ 1967ರ ಮಾದರಿಗಳ ಹೊತ್ತಿಗೇ ಬಂದಿದ್ದ ಈ ಏರ್ಪಾಡು ನಮ್ಮ ಹಳೆಯ ಗಾಡಿಗಳಿಗೆ ಬರಲು ತುಂಬಾ ತಡವಾಯಿತು. ಡಿಸ್ಕ್ ಹಾಕಿಸದಿದ್ದರೂ ಈ ಒಂದನ್ನು ಬದಲಿಸಿಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಜೊತೆಗೆ ಕ್ಯಾಲಿಪರಿನ ಪಿಸ್ಟನ್ ಡ್ರಮ್ಮಿನ ಶೂಗಳನ್ನು ತಳ್ಳುವ ವೀಲ್ ಸಿಲಿಂಡರಿಗಿಂತ ಎಷ್ಟೋ ಅಗಲ, ಅದನ್ನು ಸರಿಸಲು ಹೆಚ್ಚು ಆಯಿಲ್ ಬೇಕು, ಮತ್ತು ಪ್ಯಾಡ್ ಸವೆದಂತೆಲ್ಲ ಪಿಸ್ಟನ್ ಹೊರಗೇ ಉಳಿಯುವುದರಿಂದ ಮೇಲಿನ ಡಬ್ಬಿಯಲ್ಲಿಯೂ ಹೆಚ್ಚು ಆಯಿಲ್ ಇರಬೇಕು. ಹಾಗೆಂದು ಸಿಲಿಂಡರಿನ ಬೋರ್ (ಒಳವ್ಯಾಸ) ಬೇಕಾದಷ್ಟು ದೊಡ್ಡದು ಮಾಡುವಂತೆಯೂ ಇಲ್ಲ, ಬೋರ್ ಹಿಗ್ಗಿದಷ್ಟೂ ಅದೇ ಕಾಲಿನ ಒತ್ತಿಗೆ ಹುಟ್ಟುವ ಒತ್ತಡ ಕಡಿಮೆಯಾಗುತ್ತದೆ. ಮುಂದೆ ಡಿಸ್ಕು ಹಿಂದೆ ಡ್ರಮ್ಮು ಇರುವ ಗಾಡಿಗೆಂದೇ ತಯಾರಾದ ಸಿಲಿಂಡರನ್ನೇ ಅವರು ತರಿಸಿದರು.

ಹಳೆಯ ಸಿಲಿಂಡರನ್ನು ಹಲಗೆಯಡಿಯಿಂದ ತೆಗೆದು, ಹೊಸದನ್ನು ಬೂಸ್ಟರಿನೊಡನೆ ಎಂಜಿನ್ನಿನ ಹಿಂದಿನ ತಗಡಿನ ಗೋಡೆಗೆ ಕೂರಿಸಿ, ಮೇಲಿನಿಂದ ನೇತಾಡುವ ಪೆಡಲ್ ಜೋಡಿಸಿದ್ದು ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿದ ಭಾಗ. ಗೋಡೆಯ ತಗಡು ಬೂಸ್ಟರಿನ ಎಳೆತಕ್ಕೆ ಬಾಗದಂತೆ ಒಳಗಿನಿಂದ ದಪ್ಪ ಪಟ್ಟಿ ಕೊಟ್ಟು ಬೋಲ್ಟ್ ಹಾಕಿದ್ದಾರೆ. ಈ ಜಾಗ ಬದಲಾವಣೆಯಿಂದ ಎರಡು ಅನುಕೂಲಗಳಿವೆ. ಆಯಿಲ್ ಡಬ್ಬಿ ಬಾನೆಟ್ ಎತ್ತಿದರೆ ಕಣ್ಣಿಗೆ ಕಾಣುತ್ತದೆ, ಮತ್ತು ಸಿಲಿಂಡರ್ ಕ್ಯಾಲಿಪರಿಗಿಂತ ಮೇಲಿರುವುದರಿಂದ ಆಯಿಲ್ ಹಿಂದಕ್ಕೆ ಹರಿದು ಪೆಡಲ್ ಕುಸಿಯುವ ಕಾಟವಿಲ್ಲ. ಸಿಲಿಂಡರನ್ನು ಕೆಳಗೇ ಉಳಿಸಿಕೊಂಡು ಡಿಸ್ಕ್ ಹಾಕಿಸುವವರು ಮುಂದಿನ ಸಾಲಿಗೆ 2 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡ ಉಳಿಸುವ ಸಣ್ಣ ವಾಲ್ವ್ ಹಾಕಿಸಲೇಬೇಕು. ಡ್ರಮ್ಮಿಗೆಂದು ಬರುವ 10 ಪಿಎಸ್‌ಐ ವಾಲ್ವನ್ನು ಡಿಸ್ಕಿನ ಸಾಲಿನಲ್ಲಿ ಉಳಿಸಿದರೆ ಪ್ಯಾಡು ಸದಾ ಡಿಸ್ಕನ್ನು ಉಜ್ಜುತ್ತಲೇ ಇರುತ್ತದೆ.

ಬೂಸ್ಟರಿನ ವಿಷಯದಲ್ಲಿ ಡೀಸೆಲ್ ಗಾಡಿಯವರು ತಿಳಿಯಬೇಕಾದ ಸಂಗತಿಯೊಂದಿದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯ ದಾರಿಯನ್ನು ಥ್ರಾಟಲ್ ತಡೆಯುವುದರಿಂದ ಮ್ಯಾನಿಫೋಲ್ಡಿನಲ್ಲಿ ತಾನಾಗಿ ನಿರ್ವಾತ ಹುಟ್ಟುತ್ತದೆ, ಬೂಸ್ಟರಿನ ನಳಿಗೆಯನ್ನು ಅಲ್ಲಿಗೆ ಜೋಡಿಸಿದರೆ ಆಯಿತು. ಹಳೆಯ ಡೀಸೆಲ್ ಎಂಜಿನ್ನಿಗೆ ಥ್ರಾಟಲ್ ಇಲ್ಲ, ಆದ್ದರಿಂದ ನಿರ್ವಾತವೂ ಇಲ್ಲ. ಅದಕ್ಕೆಂದೇ ಡೈನಮೋದ ಬೆನ್ನಿಗೆ ಒಂದು ಪುಟ್ಟ ವ್ಯಾಕ್ಯೂಮ್ ಪಂಪ್ ಬರುತ್ತದೆ. ನಮ್ಮ ಗಾಡಿಯ ಡೈನಮೋದಲ್ಲಿ ಅದು ಇರಲಿಲ್ಲ. ಪಂಪ್ ಇರುವ ಡೈನಮೋ ತಂದು ಕೂರಿಸಿ, ಪಂಪಿಗೆ ಎಂಜಿನ್ ಆಯಿಲ್ ಹೋಗಲು ಒಂದು ಸಣ್ಣ ನಳಿಗೆ, ಮರಳಿ ಎಂಜಿನ್ನಿನ ತಳದ ಆಯಿಲ್ ಚೇಂಬರಿಗೆ ಇಳಿಯಲು ಒಂದು ದಪ್ಪ ನಳಿಗೆ ಕೊಟ್ಟರು. ಇಳಿಯುವ ನಳಿಗೆ ಚೇಂಬರಿನಲ್ಲಿರುವ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು, ಇಲ್ಲದಿದ್ದರೆ ಪಂಪಿನಲ್ಲಿ ಆಯಿಲ್ ನಿಂತು ಅದು ಬೇಗ ಹಾಳಾಗುತ್ತದೆ. ಇದನ್ನು ಅವರು ಯಾರೂ ಹೇಳದೆಯೇ ಸರಿಯಾಗಿ ಮಾಡಿದ್ದರು. ಬೂಸ್ಟರ್ ಕೆಲಸ ಮಾಡುತ್ತಿದೆಯೇ ಎಂದು ಯಾರು ಬೇಕಾದರೂ ನೋಡಬಹುದು: ಎಂಜಿನ್ ನಿಲ್ಲಿಸಿ ಪೆಡಲನ್ನು ಗಟ್ಟಿಯಾಗುವವರೆಗೆ ಪಂಪ್ ಮಾಡಿ, ಕಾಲನ್ನು ಒತ್ತಿಯೇ ಹಿಡಿದು ಎಂಜಿನ್ ಚಾಲೂ ಮಾಡಿದರೆ ಪೆಡಲ್ ಕಾಲಿನಡಿಯಲ್ಲಿ ತುಸು ಇಳಿಯಬೇಕು. ಇಳಿಯದಿದ್ದರೆ ಪಂಪು, ನಳಿಗೆ, ಬೂಸ್ಟರ್ ಮೂರರಲ್ಲಿ ಒಂದು ಕೆಟ್ಟಿದೆ.

ಮುಂದಿನ ಚಕ್ರಗಳ ಕೆಲಸ ನೋಡಲು ದೊಡ್ಡದಾಗಿ ಕಂಡರೂ ನಿಜಕ್ಕೂ ಸರಳ. ಇದೇ ಕಂಪನಿಯ ನಂತರದ ಗಾಡಿಗಳ ಡಿಸ್ಕು, ಕ್ಯಾಲಿಪರ್, ಹಬ್ ನಮ್ಮ ಆಕ್ಸಲಿಗೆ ಹೊಂದುವಂತೆ ಬ್ರಾಕೆಟ್ ಸಮೇತ ಸೆಟ್ಟಾಗಿ ಸಿಗುತ್ತವೆ. ಡ್ರಮ್ಮಿನ ಶೂಗಳನ್ನು ಹೊತ್ತಿದ್ದ ಹಳೆಯ ಬ್ಯಾಕಿಂಗ್ ಪ್ಲೇಟ್ ತೆಗೆದ ಜಾಗದಲ್ಲಿ ಬ್ರಾಕೆಟ್ ಬಂದು ಕೂರುತ್ತದೆ, ಬೇರಿಂಗ್ ತೊಳೆದು ಹೆಚ್ಚು ಬಿಸಿ ತಡೆಯುವ ಗ್ರೀಸ್ ತುಂಬಬೇಕು, ಡಿಸ್ಕಿನ ಬಿಸಿ ನೇರ ಹಬ್‌ಗೆ ಇಳಿಯುವುದರಿಂದ ಹಳೆಯ ಗ್ರೀಸ್ ಕರಗಿ ಹೊರಬರುತ್ತದೆ. ನಮ್ಮದು 16 ಇಂಚಿನ ರಿಮ್ಮಾದ್ದರಿಂದ ಕ್ಯಾಲಿಪರಿಗೂ ರಿಮ್ಮಿಗೂ ನಡುವೆ ಸಾಕಷ್ಟು ಜಾಗ ಉಳಿದಿದೆ. ಚಿಕ್ಕ ರಿಮ್ ಹಾಕಿಕೊಂಡವರಿಗೆ ಇಲ್ಲಿ ತೊಡಕಾಗುತ್ತದೆ, ಆಗ ಸ್ಪೇಸರ್ ಕೊಟ್ಟು ಚಕ್ರವನ್ನು ಹೊರಗೆ ತಳ್ಳುವ ಮೇಸ್ತ್ರಿಗಳಿದ್ದಾರೆ, ಹೇರಿನ ಗಾಡಿಗೆ ಅದನ್ನು ಒಪ್ಪಬೇಡಿ.

ಅಲ್ಲಿ ನಾನು ನಿಂತು ನೋಡಿದ ಎರಡು ಸಣ್ಣ ಕೆಲಸಗಳು ಆ ಮೇಸ್ತ್ರಿಯ ಕೈಗುಣವನ್ನು ತೋರಿಸುತ್ತವೆ. ಡಿಸ್ಕ್ ಕೂರಿಸಿದ ಮೇಲೆ ಅವರು ಡಯಲ್ ಗೇಜನ್ನು ಆಕ್ಸಲಿಗೆ ಕಚ್ಚಿಸಿ, ಅದರ ಮುಳ್ಳಿನ ತುದಿಯನ್ನು ಡಿಸ್ಕಿನ ಮುಖಕ್ಕೆ ಆನಿಸಿ, ಕೈಯಿಂದ ಡಿಸ್ಕನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿದರು. ಎಡಗಡೆಯದು ಸುಮ್ಮನಿತ್ತು, ಬಲಗಡೆಯದರಲ್ಲಿ ಮುಳ್ಳು ಒಂದು ಕಡೆ 0.1 ಮಿಲಿಮೀಟರಿಗಿಂತ ಹೆಚ್ಚು ಓಲಾಡಿತು. ಡಿಸ್ಕನ್ನು ಬಿಚ್ಚಿ, ಹಬ್ಬಿನ ಮುಖದ ಮೇಲೆ ಕಣ್ಣಿಗೆ ಸರಿಯಾಗಿ ಕಾಣದಷ್ಟಿದ್ದ ತುಕ್ಕಿನ ಪದರನ್ನು ತಂತಿ ಬ್ರಷ್ಷಿನಿಂದ ಕೆರೆದು, ಮತ್ತೆ ಕೂರಿಸಿ ನೋಡಿದಾಗ ಸರಿಹೋಯಿತು. ಅಷ್ಟನ್ನು ಬಿಟ್ಟಿದ್ದರೆ ಬ್ರೇಕ್ ಒತ್ತಿದಾಗಲೆಲ್ಲ ಪೆಡಲ್ ಅದುರುತ್ತಿತ್ತು, ಡಿಸ್ಕೇ ಕೆಟ್ಟದ್ದು ಬಂದಿದೆ ಎಂದು ನಾವು ಅಂಗಡಿಯವನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದೆವು. ಇನ್ನೊಂದು, ಕ್ಯಾಲಿಪರನ್ನು ಕೂರಿಸುವ ಮುಂಚೆ ಏರ್ ತೆಗೆಯುವ ನಿಪ್ಪಲ್ ಯಾವ ಕಡೆ ಇದೆ ಎಂದು ನೋಡಿ ಹುಡುಗನ ಕೈಯಿಂದ ಅದನ್ನು ಕಿತ್ತುಕೊಂಡು ಇನ್ನೊಂದು ಚಕ್ರಕ್ಕೆ ಕೊಟ್ಟದ್ದು. ಎಡಬಲ ಅದಲುಬದಲಾದರೂ ಕ್ಯಾಲಿಪರ್ ಬೋಲ್ಟಿಗೆ ಸರಿಯಾಗಿ ಕೂರುತ್ತದೆ, ಆದರೆ ನಿಪ್ಪಲ್ ಕೆಳಗೆ ಬಂದು ಮೇಲಿನ ಗಾಳಿ ಅಲ್ಲೇ ಉಳಿಯುತ್ತದೆ, ಎಷ್ಟು ಆಯಿಲ್ ಸುರಿದರೂ ಪೆಡಲ್ ಮೆತ್ತಗೇ ಇರುತ್ತದೆ.

ಪೈಪಿನ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಮ್ಮ ಊರುಗಳಲ್ಲಿ ಬ್ರೇಕ್ ಪೈಪ್ ತುಕ್ಕು ಹಿಡಿದರೆ ತಾಮ್ರದ ಪೈಪ್ ಬಗ್ಗಿಸಿ ಹಾಕಿಬಿಡುವ ರೂಢಿಯಿದೆ, ಬಾಗಿಸಲು ಸುಲಭ, ತುಕ್ಕೂ ಹಿಡಿಯುವುದಿಲ್ಲ. ಆದರೆ ಬರೀ ತಾಮ್ರ ಅದುರಿಗೆ ಬರಬರುತ್ತ ಪೆಡಸಾಗಿ ಒಂದು ದಿನ ಬಿರಿಯುತ್ತದೆ, ಬ್ರೇಕ್ ಸಾಲಿಗೆ ಅದು ತಕ್ಕುದಲ್ಲ. ಎರಡು ಪದರದ ಉಕ್ಕಿನ ಪೈಪಿಗೆ ಡಬಲ್ ಫ್ಲೇರ್ ಹೊಡೆದು (ತುದಿಯನ್ನು ಎರಡು ಮಡಿಕೆಯಾಗಿ ಅಗಲಿಸಿ) ಜೋಡಿಸುವುದೇ ಸರಿಯಾದ ಕ್ರಮ. ಈ ಗ್ಯಾರೇಜಿನಲ್ಲಿ ಫ್ಲೇರ್ ಹೊಡೆಯುವ ಸಾಧನವಿತ್ತು, ಪೈಪನ್ನು ಚಾಸಿಗೆ ಕ್ಲಿಪ್ ಹಾಕಿ ಬಿಗಿದಿದ್ದಾರೆ, ಹೋಸನ್ನು ಕ್ಯಾಲಿಪರಿಗೆ ಬಿಗಿಯುವ ಬ್ಯಾಂಜೊ ಬೋಲ್ಟುಗಳ ವಾಷರುಗಳೆಲ್ಲ ಹೊಸವು. ಸ್ಟೀರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ರಬ್ಬರ್ ಹೋಸ್ ಎಳೆದುಕೊಳ್ಳುತ್ತದೆಯೇ, ಟೈರಿಗೆ ತಾಗುತ್ತದೆಯೇ ಎಂದು ನನಗೇ ಬಗ್ಗಿ ನೋಡಲು ಹೇಳಿದರು.

ಹಿಂದಿನ ಬ್ರೇಕುಗಳು ಡ್ರಮ್ಮಾಗಿಯೇ ಉಳಿದಿವೆ, ಉಳಿಯಬೇಕಾದದ್ದೂ ಸರಿ. ಹ್ಯಾಂಡ್ ಬ್ರೇಕಿನ ಕೆಲಸಕ್ಕೆ ಡ್ರಮ್ಮೇ ಒಳ್ಳೆಯದು, ಮತ್ತು ಗಾಡಿ ನಿಲ್ಲುವಾಗ ತೂಕವೆಲ್ಲ ಮುಂದಕ್ಕೆ ವಾಲುವುದರಿಂದ ಹೆಚ್ಚು ದುಡಿಯುವುದು ಮುಂದಿನ ಚಕ್ರಗಳೇ. ಪಿಕಪ್ಪಿನ ನಿಜವಾದ ತೊಡಕು ಖಾಲಿ ಇದ್ದಾಗ ಕಾಣಿಸುತ್ತದೆ. ಹೇರಿಲ್ಲದ ಹಿಂಭಾಗ ಹಗುರ, ಜೋರಾಗಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರಗಳು ಮೊದಲೇ ಕಟ್ಟಿಕೊಂಡು ಗಾಡಿಯ ಬಾಲ ತಿರುಗುತ್ತದೆ. ಅದಕ್ಕಾಗಿ ಹಿಂದಿನ ಸಾಲಿನಲ್ಲಿ ಒತ್ತಡವನ್ನು ಮಿತಿಗೊಳಿಸುವ ವಾಲ್ವ್ ಬೇಕು. ಹೊಸ ಪಿಕಪ್ಪುಗಳಲ್ಲಿ ಚಾಸಿಗೂ ಹಿಂದಿನ ಆಕ್ಸಲಿಗೂ ನಡುವೆ ಸರಳಿನಿಂದ ಜೋಡಿಸಿದ, ಹೇರಿಗೆ ತಕ್ಕಂತೆ ತಾನೇ ಹೊಂದಿಕೊಳ್ಳುವ ವಾಲ್ವ್ ಇರುತ್ತದೆ. ನಮ್ಮ ಗಾಡಿಗೆ ಅದನ್ನು ಹೊಂದಿಸುವುದು ಕಷ್ಟವೆಂದು ಕೈಯಿಂದ ತಿರುಗಿಸಿ ಹೊಂದಿಸುವ ವಾಲ್ವ್ ಹಾಕಿದ್ದಾರೆ. ಇದು ನಡುದಾರಿಯ ಪರಿಹಾರ. ಖಾಲಿ ಗಾಡಿಗೆ ಹೊಂದಿಸಿದರೆ ಹೇರಿದಾಗ ಹಿಂದಿನ ಬ್ರೇಕ್ ಅರೆಹೊಟ್ಟೆಯಲ್ಲಿ ದುಡಿಯುತ್ತದೆ, ಹೇರಿಗೆ ಹೊಂದಿಸಿದರೆ ಖಾಲಿಯಿದ್ದಾಗ ಜಾರುತ್ತದೆ. ನಾವು ಖಾಲಿ ಗಾಡಿಯ ಕಡೆಗೇ ತುಸು ವಾಲಿಸಿ ಇಟ್ಟಿದ್ದೇವೆ, ಏಕೆಂದರೆ ಹೇರಿದ ಗಾಡಿ ತುಸು ದೂರಕ್ಕೆ ನಿಲ್ಲುವುದನ್ನು ಡ್ರೈವರ್ ಊಹಿಸಬಲ್ಲ, ಒದ್ದೆ ರಸ್ತೆಯಲ್ಲಿ ಬಾಲ ತಿರುಗಿದರೆ ಊಹಿಸಲು ಹೊತ್ತೇ ಇರುವುದಿಲ್ಲ. ಹಳೆಯ ಲೈನರ್ ತೆಗೆಯುವಾಗ ಡ್ರಮ್ಮಿನ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಿಸಲು ಅವರು ಬಿಡಲಿಲ್ಲ, ಒದ್ದೆ ಬಟ್ಟೆಯಿಂದ ಒರೆಸಿದರು. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರುವುದುಂಟು, ಅದರ ಧೂಳು ಪುಪ್ಪುಸಕ್ಕೆ ಹೋದರೆ ಮರಳಿ ಬರುವುದಿಲ್ಲ. ನಮ್ಮ ಗ್ಯಾರೇಜುಗಳ ಹುಡುಗರ ಆರೋಗ್ಯದ ದೃಷ್ಟಿಯಿಂದ ಈ ಎಚ್ಚರಿಕೆ ನನಗೆ ಬಹಳ ಹಿಡಿಸಿತು.

ಬ್ರೇಕ್ ಆಯಿಲ್ ಡಾಟ್ 4 ದರ್ಜೆಯದನ್ನು ಹಾಕಿದ್ದಾರೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿಯವರೆಗೂ ಡಾಟ್ 4 ಕನಿಷ್ಠ 230 ಡಿಗ್ರಿಯವರೆಗೂ ಕುದಿಯಬಾರದೆಂಬುದು ನಿಯಮ, ಗಾಳಿಯ ತೇವದಿಂದ ನೀರು ಹೀರಿಕೊಂಡ ಮೇಲೆ ಆ ಕನಿಷ್ಠ ಮಿತಿಗಳು ಕ್ರಮವಾಗಿ 140 ಮತ್ತು 155ಕ್ಕೆ ಇಳಿಯುತ್ತವೆ. ಇಳಿಜಾರಿನಲ್ಲಿ ಕ್ಯಾಲಿಪರ್ ಕಾದು ಒಳಗಿನ ಆಯಿಲ್ ಕುದಿದು ಆವಿಯಾದರೆ ಪೆಡಲ್ ಒಮ್ಮೆಲೇ ನೆಲಕ್ಕೆ ಹೋಗುತ್ತದೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆ ಪೂರ್ತಿ ಆಯಿಲ್ ಬದಲಿಸುವುದು ಡಿಸ್ಕಿನಷ್ಟೇ ಮುಖ್ಯ. ಡಾಟ್ 5 ಎಂಬುದು ಸಿಲಿಕೋನ್ ಆಯಿಲ್, ಇದರ ಜೊತೆ ಅದನ್ನು ಬೆರೆಸಬಾರದು.

ಇನ್ನು ಗ್ಯಾರೇಜಿನ ಮೇಲಿನ ದೂರುಗಳು. ಗಾಡಿ ಕೈಗೆ ಬಂದ ಮೇಲೆ ಸಂಡೂರಿಗೆ ಹೊರಟ ಮೊದಲ ಸಲವೇ ಕುಡತಿನಿ ದಾಟುವಷ್ಟರಲ್ಲಿ ಎಂಜಿನ್ ಎಳೆಯಲು ಒದ್ದಾಡತೊಡಗಿತು, ಪೆಡಲ್ ಒತ್ತುವ ಮೊದಲೇ ಗಟ್ಟಿಯಾಗಿತ್ತು, ಇಳಿದು ನೋಡಿದರೆ ಮುಂದಿನ ಎರಡೂ ಚಕ್ರಗಳಿಂದ ಸುಟ್ಟ ವಾಸನೆ ಬರುತ್ತಿತ್ತು. ಬೂಸ್ಟರಿನಿಂದ ಮಾಸ್ಟರ್ ಸಿಲಿಂಡರನ್ನು ತಳ್ಳುವ ಕಡ್ಡಿಗೂ ಪಿಸ್ಟನ್ನಿಗೂ ನಡುವೆ ಕೂದಲೆಳೆಯಷ್ಟಾದರೂ ಜಾಗ ಇರಬೇಕು. ಅದಿಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರುವುದಿಲ್ಲ, ಆಯಿಲ್ ಡಬ್ಬಿಗೆ ಮರಳುವ ಸಣ್ಣ ರಂಧ್ರ ಮುಚ್ಚಿಯೇ ಉಳಿಯುತ್ತದೆ, ಬಿಸಿಗೆ ಹಿಗ್ಗಿದ ಆಯಿಲ್ ಬೇರೆ ದಾರಿ ಕಾಣದೆ ಪ್ಯಾಡುಗಳನ್ನು ತಾನೇ ಒತ್ತುತ್ತದೆ, ಅದರಿಂದ ಇನ್ನಷ್ಟು ಬಿಸಿ ಹುಟ್ಟುತ್ತದೆ. ಗ್ಯಾರೇಜಿಗೆ ಮರಳಿದಾಗ ಕಡ್ಡಿಯ ನಟ್ ತಿರುಗಿಸಿ ದುಡ್ಡಿಲ್ಲದೆ ಸರಿಮಾಡಿಕೊಟ್ಟರು, ಮತ್ತೆ ಆ ತೊಂದರೆ ಬಂದಿಲ್ಲ. ಆದರೆ ಗ್ಯಾರೇಜಿನ ಸುತ್ತ ಒಂದು ಸುತ್ತು ಹೊಡೆದು ಕೊಟ್ಟುಬಿಡುವ ಬದಲು ಅರ್ಧ ಗಂಟೆ ಓಡಿಸಿ, ಜ್ಯಾಕಿಯ ಮೇಲೆ ಎತ್ತಿ ಚಕ್ರ ಸಲೀಸಾಗಿ ತಿರುಗುತ್ತದೆಯೇ ಎಂದು ನೋಡಿದ್ದರೆ ಇದು ಅಲ್ಲಿಯೇ ತಿಳಿಯುತ್ತಿತ್ತು. ಅಷ್ಟು ಸೂಕ್ಷ್ಮವಾಗಿ ಡಿಸ್ಕಿನ ಓಲಾಟ ಅಳೆದ ಕೈಯಿಂದ ಇದು ತಪ್ಪಬಾರದಿತ್ತು.

ಎರಡನೆಯದು ಧೂಳಿನ ತಗಡು. ಸೆಟ್ಟಿನ ಜೊತೆ ಡಿಸ್ಕಿನ ಒಳಮುಖವನ್ನು ಮರೆಮಾಡುವ ತಗಡು ಬಂದಿತ್ತು, ಅದು ಸ್ಟೀರಿಂಗಿನ ರಾಡಿಗೆ ತಾಗುತ್ತದೆಂದು ಹಾಕದೆ ಬಿಟ್ಟರು, ಬಿಟ್ಟದ್ದನ್ನು ನನಗೆ ಹೇಳಲೂ ಇಲ್ಲ. ಬೇರೆ ಊರಿನಲ್ಲಾದರೆ ನಡೆದೀತು. ತೋರಣಗಲ್ಲು, ಸಂಡೂರಿನ ರಸ್ತೆಯ ಕೆಂಪು ಧೂಳು ಬರೀ ಮಣ್ಣಲ್ಲ, ಕಬ್ಬಿಣದ ಅದಿರಿನ ಪುಡಿ, ಅದು ಪ್ಯಾಡಿಗೂ ಡಿಸ್ಕಿಗೂ ನಡುವೆ ಸೇರಿದರೆ ಅರದ ಹಾಗೆ ಕೆರೆಯುತ್ತದೆ. ಬೇಸಿಗೆ ಮುಗಿಯುವ ಹೊತ್ತಿಗೆ ಡಿಸ್ಕಿನ ಒಳಮುಖದಲ್ಲಿ ಉಗುರಿಗೆ ಸಿಗುವಷ್ಟು ಗೀರುಗಳು ಬಿದ್ದಿದ್ದವು, ಹೊರಮುಖ ನುಣುಪಾಗಿಯೇ ಇತ್ತು. ತಗಡಿನ ಕೆಲಸದವರ ಬಳಿ ರಾಡಿನ ಜಾಗಕ್ಕೆ ಕತ್ತರಿಸಿದ ಮರೆಯನ್ನು ಮಾಡಿಸಿ ನಾವೇ ಹಾಕಿಸಿದೆವು. ಅದಿರಿನ ರಸ್ತೆಯಲ್ಲಿ ಓಡುವ ಗಾಡಿಗೆ ಡಿಸ್ಕ್ ಹಾಕಿಸುವವರು ಈ ತಗಡಿಲ್ಲದೆ ಗಾಡಿಯನ್ನು ಗ್ಯಾರೇಜಿನಿಂದ ಹೊರತೆಗೆಯಬಾರದು.

ಬಿಲ್ಲಿನ ಬಗ್ಗೆಯೂ ಅಸಮಾಧಾನವಿದೆ. ಬಿಡಿಭಾಗ, ಲೇತು, ಕೂಲಿ ಎಲ್ಲ ಸೇರಿ 30,000 ರೂಪಾಯಿ ದಾಟಿತು. ಕೆಲಸದ ಗಾತ್ರ ನೋಡಿದರೆ ಇದು ಹೆಚ್ಚಲ್ಲ, ಆದರೆ ಯಾವ ಭಾಗಕ್ಕೆ ಎಷ್ಟು, ಯಾವುದು ಕಂಪನಿಯದು, ಯಾವುದು ಹೊರಗಿನದು ಎಂಬ ವಿವರ ಚೀಟಿಯಲ್ಲಿ ಇರಲಿಲ್ಲ. ಬ್ರೇಕಿನ ಪ್ಯಾಡು, ರಬ್ಬರ್ ಕಪ್, ಹೋಸುಗಳಲ್ಲಿ ನಕಲಿ ಮಾಲು ಬರುವುದು ಎಲ್ಲರಿಗೂ ಗೊತ್ತಿರುವುದರಿಂದ ಖಾಲಿ ಡಬ್ಬಿಗಳನ್ನೂ ಬಿಚ್ಚಿದ ಹಳೆಯ ಭಾಗಗಳನ್ನೂ ಗಿರಾಕಿಗೆ ಕೊಡುವುದು ಗ್ಯಾರೇಜಿನ ಕರ್ತವ್ಯ. ಕೇಳಿದ ಮೇಲೆ ಡಬ್ಬಿಗಳನ್ನು ಹುಡುಕಿ ಕೊಟ್ಟರು.

ರಸ್ತೆಯಲ್ಲಿ ಈಗ ಗಾಡಿ ಹೇಗಿದೆ ಎಂದರೆ, ಮೊದಲು ಗಮನಕ್ಕೆ ಬರುವುದು ಗಾಡಿ ನೇರವಾಗಿ ನಿಲ್ಲುವುದು. ಡ್ರಮ್ಮಿದ್ದಾಗ ಒಂದು ಕಡೆಯ ಅಡ್ಜಸ್ಟರ್ ತುಸು ಸಡಿಲವಾದರೂ ಸ್ಟೀರಿಂಗ್ ಎಳೆಯುತ್ತಿತ್ತು, ಈಗ ಆ ಕಾಟವಿಲ್ಲ. ಹೊಸ ಪ್ಯಾಡುಗಳು ಕೂರುವವರೆಗೆ ಮೊದಮೊದಲು ಹಿಡಿತ ಕಡಿಮೆ ಎನ್ನಿಸುತ್ತದೆ. ಖಾಲಿ ರಸ್ತೆಯಲ್ಲಿ 50 ಕಿಲೋಮೀಟರ್ ವೇಗದಿಂದ ನಡಿಗೆಯ ವೇಗಕ್ಕೆ ಹದವಾಗಿ ಇಳಿಸಿ, ನಡುವೆ ತಣ್ಣಗಾಗಲು ಬಿಟ್ಟು, ಹಲವು ಬಾರಿ ಹೀಗೆ ಮಾಡಿದರೆ ಪ್ಯಾಡು ಡಿಸ್ಕಿಗೆ ಒಗ್ಗುತ್ತದೆ. ಸಂಡೂರಿನ ಇಳಿಜಾರನ್ನು ಹೇರಿನೊಡನೆ ಇಳಿದು ತಳಕ್ಕೆ ಬಂದಾಗ ಪೆಡಲ್ ಇಳಿಜಾರಿನ ಮೇಲ್ತುದಿಯಲ್ಲಿ ಇದ್ದ ಎತ್ತರದಲ್ಲಿಯೇ ಇರುತ್ತದೆ, ಈ ಖರ್ಚು ಮಾಡಿದ್ದು ಇದಕ್ಕಾಗಿಯೇ. ಆದರೂ ಇಳಿಯುವಾಗ ಗೇರ್ ತಗ್ಗಿಸಿ ಎಂಜಿನ್ನಿನ ತಡೆ ಬಳಸುವುದನ್ನು ನಮ್ಮ ಡ್ರೈವರ್ ಬಿಟ್ಟಿಲ್ಲ, ಬಿಡಬಾರದು. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡುವ ಅಭ್ಯಾಸ ಇರುವವರು ಈಗಲಾದರೂ ಅದನ್ನು ಬಿಡಬೇಕು. ಎಂಜಿನ್ ನಿಂತರೆ ವ್ಯಾಕ್ಯೂಮ್ ಪಂಪೂ ನಿಲ್ಲುತ್ತದೆ, ಬೂಸ್ಟರಿನಲ್ಲಿ ಉಳಿದ ನಿರ್ವಾತ ಎರಡು ಮೂರು ಒತ್ತಿಗೆ ಮುಗಿಯುತ್ತದೆ, ಆಮೇಲೆ ಬೂಸ್ಟರ್ ಇಲ್ಲದ ಡಿಸ್ಕ್ ಬ್ರೇಕನ್ನು ಬರೀ ಕಾಲಿನ ಬಲದಿಂದ ಒತ್ತಿ ಹೇರಿದ ಗಾಡಿ ನಿಲ್ಲಿಸಬೇಕಾಗುತ್ತದೆ.

ಕಾಗದದ ವಿಷಯ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಬ್ರೇಕಿನ ಬಗೆ ಆರ್‌ಸಿಯ ವಿವರಗಳಲ್ಲಿ ಬರುವುದಿಲ್ಲವಾದರೂ ಇದು ಜೀವರಕ್ಷಣೆಯ ಭಾಗವಾದ್ದರಿಂದ, ಕೆಲಸಕ್ಕೆ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮೆಯವರಿಗೂ ಬರೆದು ತಿಳಿಸುವುದು ಒಳ್ಳೆಯದು. ಎಂಟು ವರ್ಷ ದಾಟಿದ ಹೇರಿನ ಗಾಡಿ ಹೇಗೂ ವರ್ಷಕ್ಕೊಮ್ಮೆ ಎಫ್‌ಸಿಗೆ (ಯೋಗ್ಯತಾ ಪತ್ರದ ತಪಾಸಣೆಗೆ) ಹೋಗಬೇಕು, ಅಲ್ಲಿ ಬ್ರೇಕನ್ನು ನೋಡಿಯೇ ನೋಡುತ್ತಾರೆ, ಬಿಡಿಭಾಗಗಳ ಬಿಲ್ ಕೈಯಲ್ಲಿದ್ದರೆ ಉತ್ತರ ಹೇಳಲು ಅನುಕೂಲ.

ಮುಂದಿನ ಪ್ಯಾಡುಗಳನ್ನು ಈಗ ಟೈರ್ ಬಿಚ್ಚಿದಾಗಲೆಲ್ಲ ನೋಡುತ್ತೇವೆ. ಒಳಗಿನ ಪ್ಯಾಡು ಹೊರಗಿನದಕ್ಕಿಂತ ಬೇಗ ಸವೆಯುತ್ತಿದ್ದರೆ ಕ್ಯಾಲಿಪರಿನ ಜಾರುಪಿನ್ನುಗಳು ಧೂಳಿಗೆ ಹಿಡಿದಿವೆ ಎಂದರ್ಥ, ಬಿಚ್ಚಿ ತೊಳೆದು ಅದಕ್ಕೆಂದೇ ಬರುವ ಗ್ರೀಸ್ ಹಚ್ಚಬೇಕು. ಡಿಸ್ಕ್ ಎಷ್ಟು ತೆಳುವಾದರೆ ಬದಲಿಸಬೇಕೆಂಬ ಅಳತೆ ಸಾಮಾನ್ಯವಾಗಿ ಅದರ ಮೇಲೆಯೇ ಅಚ್ಚಾಗಿರುತ್ತದೆ. ಹಿಂದಿನ ಆಕ್ಸಲಿಗೆ ಹೋಗುವ ರಬ್ಬರ್ ಹೋಸ್ ಒಂದನ್ನು ಆಗ ಹಳೆಯದನ್ನೇ ಉಳಿಸಿದ್ದರು, ಅದರ ಮೇಲೆ ಈಗ ಸಣ್ಣ ಬಿರುಕುಗಳು ಕಾಣುತ್ತಿವೆ. ಅದನ್ನು ಬದಲಿಸಲು ಗಾಡಿಯನ್ನು ಅದೇ ಗ್ಯಾರೇಜಿಗೆ ಕೊಡುತ್ತೇನೆ, ಭಾಗವಾರು ಬಿಲ್ ಬೇಕೆಂದು ಮೊದಲೇ ಹೇಳಿ, ಕೆಲಸ ಮುಗಿದ ಮೇಲೆ ಮೇಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕುಡತಿನಿಯವರೆಗೆ ಓಡಿಸಿದ ನಂತರವೇ ದುಡ್ಡು ಕೊಡುತ್ತೇನೆ.